ದಾಖಲೆಯಲ್ಲಿನ ತಪ್ಪನ್ನು ನಿಂತ ನಿಲುವಿನಲ್ಲೇ ತಿದ್ದಲಾಗದೇಕೆ? - ಅರ್ಜಿದಾರರ ತಿಳಿವಳಿಕೆಗಾಗಿ

ಸೇವೆಗಳನ್ನು ಕೋರಿ ಕಚೇರಿಗೆ ಬರುವ ಸಾರ್ವಜನಿಕರು ಶಾಖೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು: "ಹೆಸರಿನಲ್ಲಿ ಒಂದಕ್ಷರ ತಪ್ಪಾಗಿದೆ ಸ್ವಾಮಿ, ಕಂಪ್ಯೂಟರಿನಲ್ಲಿ ಈಗಲೇ ತಿದ್ದಿಕೊಡಬಾರದೇ?" ಪ್ರಶ್ನೆ ನ್ಯಾಯವಾದುದೇ ಆಗಿದೆ. ಆ ಒಂದಕ್ಷರದ ದೆಸೆಯಿಂದ ವಿದ್ಯಾರ್ಥಿವೇತನ ನಿಂತಿರಬಹುದು, ಪಿಂಚಣಿ ತಡೆಯಾಗಿರಬಹುದು. ಆದಾಗ್ಯೂ ಲಿಖಿತ ಅರ್ಜಿ ಹಾಗೂ ಆಧಾರ ದಾಖಲೆಗಳಿಲ್ಲದೆ ತಿದ್ದುಪಡಿ ಮಾಡಲು ಅವಕಾಶವಿರುವುದಿಲ್ಲ. ಇದಕ್ಕೆ ನಿಯಮ ಮಾತ್ರ ಕಾರಣವಲ್ಲ, ಗಣಕಯಂತ್ರದೊಳಗೆ ದಾಖಲೆಗಳಿರುವ ರೀತಿಯೂ ಕಾರಣ. ಅದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ದತ್ತಸಂಚಯ ಎಂದರೇನು?

ಅರ್ಜಿದಾರರ ವಿವರಗಳು ಡೇಟಾಬೇಸ್, ಅಂದರೆ ದತ್ತಸಂಚಯದಲ್ಲಿರುತ್ತವೆ. ಇದನ್ನು ಹಲವು ವಹಿಗಳಿರುವ ಒಂದು ಬೀರು ಎಂದು ಭಾವಿಸಬಹುದು. ಪ್ರತಿ ವಹಿಯೂ ಒಂದು ಕೋಷ್ಟಕ. ಅದರಲ್ಲಿ ಪ್ರತಿ ಅರ್ಜಿಗೂ ಒಂದು ಸಾಲು. ಅರ್ಜಿದಾರರ ವಿಳಾಸವನ್ನು ಪ್ರತಿ ವಹಿಯಲ್ಲೂ ಬರೆಯುವ ಬದಲು ಒಂದೇ ಕಡೆ ಬರೆದು, ಉಳಿದ ವಹಿಗಳಲ್ಲಿ ಅದರ ಕ್ರಮಸಂಖ್ಯೆಯನ್ನು ಮಾತ್ರ ನಮೂದಿಸಲಾಗುತ್ತದೆ. ಈ ಸಂಬಂಧಾತ್ಮಕ ಮಾದರಿಯನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಂಡಿಸಿದರು. ಅದರೊಡನೆ ವ್ಯವಹರಿಸುವ ಎಸ್‌ಕ್ಯೂಎಲ್ ಭಾಷೆಯನ್ನು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದರು. 1986ರಲ್ಲಿ ಅದಕ್ಕೆ ಅಮೆರಿಕದ ಮಾನಕ ಸಂಸ್ಥೆಯ ಮಾನ್ಯತೆ ದೊರೆಯಿತು.

ಸ್ವೀಕೃತಿ ಪತ್ರದಲ್ಲಿರುವ ಸಂಖ್ಯೆಯ ಮಹತ್ವ ಇಲ್ಲಿದೆ. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರಿರಬಹುದು; ಆದರೆ ಒಂದೇ ಸ್ವೀಕೃತಿ ಸಂಖ್ಯೆಯ ಎರಡು ಅರ್ಜಿಗಳಿರಲು ಸಾಧ್ಯವಿಲ್ಲ.

ಆದೇಶ ಸಾಲಿನಲ್ಲಿ ನಡೆಯುವ ಕೆಲಸ

ಸೇವಾ ಕೇಂದ್ರದ ಸಿಬ್ಬಂದಿಯ ಪರದೆಯ ಮೇಲೆ ಕಾಣುವುದು ನಮೂನೆ ಮತ್ತು ಗುಂಡಿಗಳು. ಅನುಮೋದನೆಯಾದ ದಾಖಲೆಯನ್ನು ತಿದ್ದುವ ಗುಂಡಿ ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ನಮೂನೆಯ ಮೂಲಕ ಸರಿಪಡಿಸಲಾಗದ ಪ್ರಕರಣಗಳು ದತ್ತಸಂಚಯದ ನಿರ್ವಾಹಕರಿಗೆ ಹೋಗುತ್ತವೆ. ಅವರು ಕೆಲಸ ಮಾಡುವುದು ಕಮಾಂಡ್ ಲೈನ್ ಎಂಬ ಖಾಲಿ ಪರದೆಯಲ್ಲಿ. ಅಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಬರೆದ ಆದೇಶವನ್ನು ಯಂತ್ರವು ಅಕ್ಷರಶಃ ಪಾಲಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಪರದೆಗೆ ಪಿಎಸ್‌ಕ್ಯೂಎಲ್ ಎಂದು ಹೆಸರು.

ಸಾಲನ್ನು ನೋಡಲು "ಸೆಲೆಕ್ಟ್", ತಿದ್ದಲು "ಅಪ್‌ಡೇಟ್" ಎಂಬ ಆದೇಶಗಳಿವೆ. ಯಾವ ಸಾಲು ಎಂಬುದನ್ನು "ವೇರ್" ಎಂಬ ಪದದ ಮುಂದೆ ಹೇಳಬೇಕು. ಅಪಾಯವಿರುವುದು ಇಲ್ಲಿಯೇ. "ಹೆಸರನ್ನು ಹೀಗೆ ಬದಲಿಸು, ಸ್ವೀಕೃತಿ ಸಂಖ್ಯೆ ಇಂಥದ್ದು ಇರುವಲ್ಲಿ" ಎಂದು ಬರೆಯಬೇಕಾದವರು ಎರಡನೆಯ ಭಾಗವನ್ನು ಮರೆತರೆ, ಕೋಷ್ಟಕದಲ್ಲಿರುವ ಸಮಸ್ತ ಅರ್ಜಿದಾರರಿಗೂ ಒಂದೇ ಹೆಸರು ಬಂದುಬಿಡುತ್ತದೆ. ಯಂತ್ರದ ದೃಷ್ಟಿಯಲ್ಲಿ ಅದು ತಪ್ಪಾದ ಆದೇಶವೇ ಅಲ್ಲ. ಈ ಲೇಖಕನು ತರಬೇತಿಯ ಸಂದರ್ಭದಲ್ಲಿ ಅಭ್ಯಾಸದ ಕೋಷ್ಟಕದ ಮೇಲೆ ಇದನ್ನು ಮಾಡಿರುವುದುಂಟು. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಕಾಲ್ಪನಿಕ ಅರ್ಜಿದಾರರು ಒಬ್ಬನೇ ತಿಮ್ಮಪ್ಪನಾದರು. ಮೈಎಸ್‌ಕ್ಯೂಎಲ್ ತಂತ್ರಾಂಶದಲ್ಲಿ ಇಂತಹ ಆದೇಶವನ್ನು ತಡೆಯುವ ಒಂದು ಆಯ್ಕೆ ಇದೆ. ಅದರ ಇನ್ನೊಂದು ಹೆಸರೇ "ಐ ಆಮ್ ಎ ಡಮ್ಮಿ", ಎಂದರೆ "ನಾನೊಬ್ಬ ದಡ್ಡ". ಹಾಗೆಂದು ಒಪ್ಪಿಕೊಂಡು ಕೆಲಸಕ್ಕೆ ಕೂರುವುದರಲ್ಲಿ ಅವಮಾನವೇನೂ ಇಲ್ಲ.

ಆದುದರಿಂದ ನಿರ್ವಾಹಕರು ಮೊದಲು ಅದೇ ಷರತ್ತನ್ನು ಹಾಕಿ "ಸೆಲೆಕ್ಟ್" ಆದೇಶ ನೀಡಿ, ಒಂದೇ ಸಾಲು ಬರುವುದೆಂದು ಖಚಿತಪಡಿಸಿಕೊಳ್ಳುತ್ತಾರೆ. ಅನಂತರ "ಬಿಗಿನ್" ಎಂದು ವ್ಯವಹಾರವನ್ನು ಆರಂಭಿಸಿ ತಿದ್ದುಪಡಿ ಮಾಡುತ್ತಾರೆ. ಯಂತ್ರವು "ಅಪ್‌ಡೇಟ್ 1" ಎಂದು ಉತ್ತರಿಸಿದರೆ ಬದಲಾದದ್ದು ಒಂದು ಸಾಲು. ಬೇರೆ ಯಾವುದೇ ಸಂಖ್ಯೆ ಕಂಡರೆ "ರೋಲ್‌ಬ್ಯಾಕ್" ಎಂದರಾಯಿತು, ಎಲ್ಲವೂ ಮೊದಲಿನಂತಾಗುತ್ತದೆ. ಸರಿಯಿದ್ದಲ್ಲಿ "ಕಮಿಟ್". ಕಮಿಟ್ ಆದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. "ಬಿಗಿನ್" ಎನ್ನದೆ ನೀಡಿದ ಆದೇಶವು ತಾನಾಗಿಯೇ ಕಮಿಟ್ ಆಗುತ್ತದೆ ಎಂಬುದನ್ನೂ ಗಮನಿಸಬೇಕು.

ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಒಂದು ಖಾತೆಯಲ್ಲಿ ಖರ್ಚು ಬರೆದು ಇನ್ನೊಂದರಲ್ಲಿ ಜಮಾ ಬರೆಯದಿದ್ದರೆ ತಾಳೆಪಟ್ಟಿ ಕೂಡುವುದಿಲ್ಲ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಜಮೀನು ಒಬ್ಬರ ಹೆಸರಿನಿಂದ ತೆಗೆದು ಇನ್ನೊಬ್ಬರ ಹೆಸರಿಗೆ ಸೇರಿಸುವ ನಡುವೆ ವಿದ್ಯುತ್ ಹೋದರೆ ಆ ಜಮೀನು ಯಾರದೂ ಅಲ್ಲದಂತಾಗಬಾರದು. ಇದಕ್ಕಾಗಿ ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನವಹಿಯಲ್ಲಿ ಬರೆದು, ಆನಂತರವೇ ಮುಖ್ಯ ಕೋಷ್ಟಕದ ಕಡತಕ್ಕೆ ಏರಿಸುತ್ತದೆ. ವಿದ್ಯುತ್ ಮರಳಿ ಬಂದಾಗ ದಿನವಹಿಯನ್ನು ಓದಿ ಪೂರ್ಣಗೊಂಡ ವ್ಯವಹಾರಗಳನ್ನು ಉಳಿಸಿಕೊಳ್ಳುತ್ತದೆ. ಅರೆಬರೆಯಾದವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕನ್ನಡದ ಹೆಸರುಗಳ ತೊಡಕು

"ದಾಖಲೆಯಲ್ಲಿ ನನ್ನ ಹೆಸರು ಸರಿಯಾಗಿಯೇ ಇದೆ, ಆದರೂ ಹುಡುಕಿದರೆ ಸಿಗುವುದಿಲ್ಲ" ಎಂಬ ದೂರು ಹಲವರದು. ಇದು ಸಿಬ್ಬಂದಿಯ ಉದಾಸೀನವೆಂದು ಭಾವಿಸಲಾಗುತ್ತದೆ. ಹಲವು ಪ್ರಕರಣಗಳಲ್ಲಿ ಕಾರಣವೇ ಬೇರೆ. "ಕುಮಾರ್" ಎಂಬ ಹೆಸರಿನಲ್ಲಿ ಯಂತ್ರದ ಲೆಕ್ಕದಂತೆ ಆರು ಸಂಕೇತಗಳಿವೆ. ಕೆಲವು ಕೀಲಿಮಣೆ ತಂತ್ರಾಂಶಗಳಲ್ಲಿ ಟೈಪು ಮಾಡುವಾಗ ಕೊನೆಯ ಅರ್ಧಾಕ್ಷರದ ಬಳಿಕ ಕಣ್ಣಿಗೆ ಕಾಣದ ಏಳನೆಯ ಸಂಕೇತವೊಂದು ಸೇರಿಕೊಳ್ಳುತ್ತದೆ. ಎರಡನ್ನೂ ಮುದ್ರಿಸಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯದು. ಯಂತ್ರಕ್ಕೆ ಮಾತ್ರ ಅವು ಇಬ್ಬರು ಬೇರೆ ವ್ಯಕ್ತಿಗಳು. ಅದೇ ರೀತಿ "ಗೋವಿಂದ" ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು.

ಯೂನಿಕೋಡ್ ಬಳಕೆಗೆ ಮುನ್ನ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ದಾಖಲೆಗಳದ್ದು ಇನ್ನೊಂದು ತೊಡಕು. "ಧರ್ಮ" ಎಂಬಲ್ಲಿ ಅರ್ಕಾವತ್ತನ್ನು ಅವು ಮಕಾರದ ನಂತರ ಇಡುತ್ತಿದ್ದವು; ಯೂನಿಕೋಡಿನಲ್ಲಿ ರಕಾರವು ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತನೆಯಲ್ಲಿ ಈ ಸ್ಥಾನಪಲ್ಲಟ ಸರಿಯಾಗಿ ಆಗದಿದ್ದರೆ ಧರ್ಮಣ್ಣನವರ ಹೆಸರು ವಿಕಾರಗೊಳ್ಳುತ್ತದೆ.

ನಮೂನೆಯ ಪರದೆಯಲ್ಲಿ ಇಂತಹ ದೋಷ ಕಾಣಿಸದು. ಆದೇಶ ಸಾಲಿನಲ್ಲಿ ಹೆಸರಿನ ಉದ್ದವನ್ನು ಕೇಳಿದರೆ ಒಂದಕ್ಕೆ 6, ಇನ್ನೊಂದಕ್ಕೆ 7 ಎಂಬ ಉತ್ತರ ಬಂದು ಗುಟ್ಟು ಬಯಲಾಗುತ್ತದೆ. ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ ಈಚೆಗೆ ಬಿಡಿ ಸಂಕೇತಗಳನ್ನು ಏಕರೂಪಕ್ಕೆ ತರುವ ಸೌಲಭ್ಯವೂ ಇದೆ. ಕಾಣದ ಸಂಕೇತವನ್ನು ಮಾತ್ರ ಪ್ರತ್ಯೇಕವಾಗಿಯೇ ತೆಗೆಯಬೇಕಾಗುತ್ತದೆ. ಎಲ್ಲ ಕಡೆಯೂ ಕಣ್ಣುಮುಚ್ಚಿ ತೆಗೆಯುವಂತಿಲ್ಲ. "ರಾಜ್‌ಕುಮಾರ್" ಎಂಬ ಹೆಸರಿನ ನಡುವೆ ಅದು ಬೇಕೇ ಬೇಕು, ಇಲ್ಲವಾದಲ್ಲಿ ಕಕಾರವು ಜಕಾರಕ್ಕೆ ಒತ್ತಾಗಿಬಿಡುತ್ತದೆ.

ನಕಲು ಪ್ರತಿಯ ವಿಚಾರ

ದತ್ತಸಂಚಯದ ಪೂರ್ಣ ಪ್ರತಿಯನ್ನು "ಪಿಜಿ ಡಂಪ್" ಎಂಬ ಒಂದೇ ಆದೇಶದಿಂದ, ಕೌಂಟರುಗಳ ಕೆಲಸ ನಿಲ್ಲಿಸದೆಯೇ ತೆಗೆಯಬಹುದು. ತೆಗೆದ ಪ್ರತಿಯಿಂದ ದಾಖಲೆಗಳನ್ನು ಮರಳಿ ಪಡೆದು ನೋಡದಿದ್ದರೆ ಅದು ಇದ್ದೂ ಇಲ್ಲದಂತೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ಎರಡನೆಯ ಯಂತ್ರವೆಂದು ಭಾವಿಸಿ ಮುಖ್ಯ ಯಂತ್ರದ ಮೇಲೆ ಅಳಿಸುವ ಆದೇಶ ನೀಡಿದರು. ಎರಡೂ ಯಂತ್ರಗಳ ಆದೇಶ ಪರದೆ ನೋಡಲು ಒಂದೇ ಬಗೆಯದು. ಒಂದೆರಡು ಸೆಕೆಂಡುಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು ಸುಮಾರು 4.5 ಮಾತ್ರ. ಪಿಜಿ ಡಂಪ್ ಪ್ರತಿಗಳನ್ನು ಹುಡುಕಿದರೆ, ಆವೃತ್ತಿಗಳು ಹೊಂದಾಣಿಕೆಯಾಗದೆ ಆ ಕೆಲಸ ವಿಫಲವಾಗುತ್ತಿತ್ತು. ವೈಫಲ್ಯ ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅಂದೇ ಬೇರೊಂದು ಕಾರಣಕ್ಕೆ ತೆಗೆದಿಟ್ಟಿದ್ದ ಆರು ಗಂಟೆ ಹಳೆಯ ಪ್ರತಿಯೊಂದು ಕಾಪಾಡಿತು. ಆ ಸಂಸ್ಥೆಯು ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಸ್ತುತ್ಯರ್ಹ.

ಅರ್ಜಿದಾರರು ಗಮನಿಸಬೇಕಾದುದು

ತಿದ್ದುಪಡಿ ಕೋರುವ ಅರ್ಜಿಯಲ್ಲಿ ಸ್ವೀಕೃತಿ ಸಂಖ್ಯೆಯನ್ನು ತಪ್ಪದೇ ನಮೂದಿಸುವುದು. ಈಗಿರುವ ಹೆಸರು ಮತ್ತು ಇರಬೇಕಾದ ಹೆಸರು ಎರಡನ್ನೂ ಕನ್ನಡದಲ್ಲಿ ಬಿಡಿಸಿ ಬರೆಯುವುದು. "ಹೆಸರು ತಪ್ಪಾಗಿದೆ" ಎಂದಷ್ಟೇ ಬರೆದ ಅರ್ಜಿಯಿಂದ ಯಾವ ಸಾಲಿನಲ್ಲಿ ಏನನ್ನು ಬದಲಿಸಬೇಕೆಂಬುದು ತಿಳಿಯದು. ಹೆಸರು ಸರಿಯಾಗಿ ಕಾಣುತ್ತಿದ್ದರೂ ಹುಡುಕಾಟದಲ್ಲಿ ದೊರೆಯದಿದ್ದಲ್ಲಿ ಆ ಸಂಗತಿಯನ್ನೇ ಸ್ಪಷ್ಟವಾಗಿ ಬರೆಯುವುದು. ಕೌಂಟರಿನವರು "ಸರಿಯಾಗಿಯೇ ಇದೆಯಲ್ಲ" ಎಂದು ಅರ್ಜಿ ಹಿಂದಿರುಗಿಸಿದರೆ ಶಾಖಾಧಿಕಾರಿಯವರನ್ನು ಕಾಣಬಹುದು. ತಿದ್ದುಪಡಿಯಾದ ಬಳಿಕ ಹೊಸ ಪ್ರತಿಯನ್ನು ಪಡೆದು, ಕಚೇರಿ ಬಿಡುವ ಮುನ್ನವೇ ಪ್ರತಿ ಅಕ್ಷರವನ್ನೂ ಓದಿ ನೋಡತಕ್ಕದ್ದು.