ತಾನು ಸವೆದು ಎಂಜಿನನ್ನು ಕಾಯುವ ಬೇರಿಂಗು

ಎತ್ತಿನ ಬಂಡಿ ಮನೆಮನೆಯಲ್ಲಿದ್ದ ಕಾಲದಲ್ಲಿ ನಮ್ಮ ಹಿರಿಯರು ಅಚ್ಚಿಗೆ ಕೀಲೆಣ್ಣೆ ಹಾಕದೆ ಬಂಡಿಯನ್ನು ಹೊರಡಿಸುತ್ತಿರಲಿಲ್ಲ. ಗಾಲಿ ಕಿರುಗುಟ್ಟಿದರೆ ಅದು ಎಣ್ಣೆ ಬೇಡುತ್ತಿದೆಯೆಂಬುದನ್ನು ಮನೆಯ ಮಕ್ಕಳೂ ಅರಿಯುತ್ತಿದ್ದರು. ಇಂದು ಬಂಡಿಯ ಸ್ಥಾನದಲ್ಲಿ ಕಾರು, ಟ್ರ್ಯಾಕ್ಟರುಗಳು ಬಂದು ನಿಂತಿವೆ. ತಿರುಗುವ ಲೋಹವು ನಿಂತ ಲೋಹಕ್ಕೆ ತಾಗದಂತೆ ನಡುವೆ ಎಣ್ಣೆ ಇರಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಆದರೆ ಎಂಜಿನು ಮುಚ್ಚಿದ ಪೆಟ್ಟಿಗೆ. ಅದರೊಳಗಿನ ಸದ್ದನ್ನು ಕೇಳಿ ಅರ್ಥ ಮಾಡಿಕೊಳ್ಳುವ ಕಿವಿ ನಮ್ಮಲ್ಲಿ ಕಡಿಮೆಯಾಗುತ್ತಿದೆ. ಅದರಿಂದಾಗುವ ನಷ್ಟ ಎಷ್ಟೆಂಬುದನ್ನೂ, ಸಕಾಲದಲ್ಲಿ ಎಚ್ಚೆತ್ತರೆ ಉಳಿಯುವುದೇನೆಂಬುದನ್ನೂ ನ್ಯಾಮತಿಯ ಒಂದು ಮನೆಯಲ್ಲಿ ನಡೆದ ದುರಸ್ತಿಯ ನಿದರ್ಶನದಿಂದ ವಾಚಕರಿಗೆ ತಿಳಿಸಬಯಸುತ್ತೇವೆ.

ಬೇರಿಂಗು ಎಂದರೇನು?

ಎಂಜಿನಿನೊಳಗೆ ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಚಲಿಸುತ್ತವೆ. ಆ ಚಲನೆಯನ್ನು ಸುತ್ತುವ ಚಲನೆಯನ್ನಾಗಿ ಮಾರ್ಪಡಿಸುವುದು ಕ್ರ್ಯಾಂಕ್ ಶಾಫ್ಟು. ಅದು ಎಂಜಿನಿನ ಬೆನ್ನೆಲುಬು. ಈ ಉಕ್ಕಿನ ದಂಡವನ್ನು ಎಂಜಿನಿನ ಒಡಲಿನಲ್ಲಿ ಹಿಡಿದಿಡುವವು ಮೇನ್ ಬೇರಿಂಗುಗಳು. ಪಿಸ್ಟನ್ನಿನಿಂದ ಇಳಿದು ಬರುವ ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಅಪ್ಪಿ ಹಿಡಿಯುವಲ್ಲಿ ಇರುವವು ಬಿಗ್ ಎಂಡ್ ಬೇರಿಂಗುಗಳು. ಕಾರಿನ ಎಂಜಿನಿನಲ್ಲಿ ಇವು ಸೈಕಲ್ಲಿನಲ್ಲಿರುವಂತೆ ಗುಂಡುಗಳುಳ್ಳವಲ್ಲ. ಬಳೆಯನ್ನು ನಡುವೆ ಸೀಳಿದಂತೆ ಎರಡು ಅರ್ಧಗಳು. ಬೆನ್ನು ಉಕ್ಕಿನದು, ಒಳಮೈಗೆ ಮಾತ್ರ ಮೃದುವಾದ ಲೋಹದ ತೆಳು ಲೇಪ.

ಕಠಿಣವಾದ ಕ್ರ್ಯಾಂಕಿಗೆ ಮೃದು ಲೋಹದ ಆಸನವೇಕೆ ಎಂಬ ಪ್ರಶ್ನೆ ಸಹಜ. ಎಣ್ಣೆಯೊಡನೆ ಮರಳಿನ ಕಣವೊಂದು ಒಳಹೊಕ್ಕರೆ ಮೃದುವಾದ ಲೋಹವು ಅದನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಎಣ್ಣೆ ಕ್ಷಣಕಾಲ ತಪ್ಪಿದರೆ ತಾನು ಸವೆಯುತ್ತದೆ, ಕ್ರ್ಯಾಂಕನ್ನು ಸವೆಯಗೊಡುವುದಿಲ್ಲ. ಅಮೆರಿಕದ ಅಕ್ಕಸಾಲಿಗ ಐಸಾಕ್ ಬ್ಯಾಬಿಟ್ ಎಂಬಾತ 1839ರಲ್ಲಿ ತವರ, ಆಂಟಿಮನಿ, ತಾಮ್ರಗಳನ್ನು ಬೆರೆಸಿ ಇಂಥ ಲೋಹವನ್ನು ರೂಪಿಸಿದ. ಅದಕ್ಕೆ ಇಂದಿಗೂ ಅವನ ಹೆಸರೇ ಇದೆ.

ಎಣ್ಣೆಯ ಮಹಿಮೆ ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯಕರ. ಇಂಗ್ಲೆಂಡಿನ ಬೀಚಂಪ್ ಟವರ್ ಎಂಬ ಎಂಜಿನಿಯರು 1880ರ ದಶಕದ ಆರಂಭದಲ್ಲಿ ಬೇರಿಂಗುಗಳ ಪರೀಕ್ಷೆ ನಡೆಸುತ್ತಿದ್ದಾಗ, ಎಣ್ಣೆ ಬಿಡಲೆಂದು ಮೇಲ್ಭಾಗದಲ್ಲಿ ಕೊರೆದ ರಂಧ್ರದಿಂದ ಎಣ್ಣೆಯೇ ಹೊರಕ್ಕೆ ಉಕ್ಕತೊಡಗಿತು. ಮರದ ಬೆಣೆಯಿಂದ ಮುಚ್ಚಿದರೆ ಬೆಣೆಯನ್ನೂ ಅದು ಹೊರದೂಡಿತು. ತಿರುಗುವ ದಂಡವು ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಅದರ ಒತ್ತಡದ ಮೇಲೆಯೇ ತೇಲುತ್ತದೆಂಬುದು ಅದರಿಂದ ತಿಳಿಯಿತು. 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ನೀಡಿದರು. ಹೀಗೆ ತೇಲಲು ಬೇಕಾದ ಅವಕಾಶ ಅತ್ಯಲ್ಪ. ಸಣ್ಣ ಕಾರಿನ ಎಂಜಿನಿನಲ್ಲಿ ಅದು ಸಾಮಾನ್ಯವಾಗಿ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಬೇರಿಂಗು ಸವೆದು ಈ ಅವಕಾಶ ಹಿಗ್ಗಿದರೆ ಎಣ್ಣೆ ನಿಲ್ಲದೆ ಸೋರಿಹೋಗುತ್ತದೆ, ಒತ್ತಡ ಕುಸಿಯುತ್ತದೆ, ಲೋಹ ಲೋಹವನ್ನು ಬಡಿಯುತ್ತದೆ.

ನ್ಯಾಮತಿಯ ಹೆರಾಲ್ಡ್

ನ್ಯಾಮತಿ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ. ಮೊದಲು ಅದು ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಆ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ನಮ್ಮ ಪರಿಚಿತರಾದ ಅಲ್ಲಿನ ತೋಟಗಾರ ಮನೆತನವೊಂದರಲ್ಲಿ ಆ ಶಿವಮೊಗ್ಗ ಜಿಲ್ಲೆಯ ಕಾಲದ ಕಾರೊಂದಿದೆ. ಅದು ಸ್ಟ್ಯಾಂಡರ್ಡ್ ಹೆರಾಲ್ಡ್. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1961ರಿಂದ ಸುಮಾರು ಒಂದು ದಶಕ ಕಾಲ ಇದನ್ನು ತಯಾರಿಸಿತು. ಇದರ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದು 1959ರಲ್ಲಿ ಹೊರಬಂದಿತು. ವಿನ್ಯಾಸ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯವರದು. ಅದೇ ಚಾಸಿಯನ್ನು ಮೊಟಕುಗೊಳಿಸಿ, ಅದೇ ವಂಶದ ಎಂಜಿನನ್ನು ಕೂರಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಅದು 1980ರವರೆಗೂ ತಯಾರಾಯಿತು. ಹೀಗೆ ನಮ್ಮ ಹೆರಾಲ್ಡ್ ಆ ವೇಗದ ಕಾರಿಗೆ ಹತ್ತಿರದ ಬಂಧು. ಸ್ಪಿಟ್‌ಫೈರಿನ ಅಭಿಮಾನಿಗಳು ಇಂಗ್ಲೆಂಡಿನಲ್ಲಿ ಇಂದಿಗೂ ಬಹುಸಂಖ್ಯೆಯಲ್ಲಿರುವುದರಿಂದ ಈ ವಂಶದ ಎಂಜಿನುಗಳ ಬಿಡಿಭಾಗಗಳು ಅಲ್ಲಿ ಈಗಲೂ ದೊರೆಯುತ್ತವೆ.

ಆ ಮನೆಯ ಯಜಮಾನರ ತಂದೆಯವರು ಕೊಂಡ ಕಾರು ಅದು. ಅದರಲ್ಲಿ ಆ ಮನೆಯ ಮೂವರು ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಮನೆಗೆ ಹೋಗಿದ್ದಾರೆ. ಅದೇ ಕಾರಿನ ಎಂಜಿನಿನಲ್ಲಿ ಬಡಿತ ಕೇಳತೊಡಗಿತು. ಪಟ್ಟಣದ ಗ್ಯಾರೇಜೊಂದರಲ್ಲಿ, ತೆರೆದು ನೋಡದೆಯೇ, ಇದನ್ನು ಗುಜರಿಗೆ ಹಾಕುವುದೇ ಲೇಸೆಂದರು. ಯಜಮಾನರೂ ಬಹುಮಟ್ಟಿಗೆ ಒಪ್ಪಿಬಿಟ್ಟಿದ್ದರು. ಡಿಪ್ಲೊಮಾ ಓದಿದ ಮೊಮ್ಮಗ ಮಾತ್ರ, "ಅಜ್ಜಾ, ಒಂದು ಸಲ ಕೆಳಗಿನ ಚೇಂಬರು ಬಿಚ್ಚಿ ನೋಡೋಣ. ಆಮೇಲೆ ನೀವು ಹೇಳಿದ ಹಾಗೆ" ಎಂದು ಪಟ್ಟು ಹಿಡಿದ. ಆ ಕೆಲಸ ನಡೆದಾಗ ನಾವು ಅಲ್ಲಿದ್ದು ಕಂಡೆವು.

ಸದ್ದಿನ ಭಾಷೆ

ಬಿಚ್ಚುವುದಕ್ಕೆ ಮೊದಲು ಕೇಳಬೇಕು. ಮೇನ್ ಬೇರಿಂಗು ಸವೆದಾಗ ಬರುವ ಸದ್ದು ಆಳವಾದದ್ದು. ಏರು ಹತ್ತುವಾಗ, ಭಾರ ಎಳೆಯುವಾಗ ನೆಲದೊಳಗಿನಿಂದ ಗುದ್ದಿದಂತೆ ಕೇಳುತ್ತದೆ. ಬಿಗ್ ಎಂಡಿನದು ಅದಕ್ಕಿಂತ ಚುರುಕಾದ ಬಡಿತ. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದಾಗ ಹೆಚ್ಚು ಸ್ಪಷ್ಟ. ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಪ್ಪಿಸಿ ನೋಡಿದಾಗ ಸದ್ದು ತಗ್ಗಿದರೆ ದೋಷ ಆ ಸಿಲಿಂಡರಿನ ಬಿಗ್ ಎಂಡಿನಲ್ಲಿರುವ ಸಂಭವವೇ ಹೆಚ್ಚು. ಎಂಜಿನು ಕಾದ ಮೇಲೆ ಎಣ್ಣೆಯ ಒತ್ತಡದ ದೀಪ ಮಿನುಗುವುದೂ ಒಂದು ಸೂಚನೆ.

ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳಿಗೆ ಇನ್ನೊಂದು ವಿಶೇಷ ದೌರ್ಬಲ್ಯವಿದೆ. ಕ್ರ್ಯಾಂಕು ಹಿಂದುಮುಂದಾಗಿ ಸರಿಯದಂತೆ ಹಿಂದಿನ ಮೇನ್ ಬೇರಿಂಗಿನ ಎರಡು ಪಕ್ಕದಲ್ಲಿ ಅರ್ಧಚಂದ್ರಾಕೃತಿಯ ಎರಡು ಬಿಲ್ಲೆಗಳಿರುತ್ತವೆ. ಇವಕ್ಕೆ ಥ್ರಸ್ಟ್ ವಾಷರು ಎಂದು ಹೆಸರು. ಕ್ಲಚ್ಚನ್ನು ಒತ್ತಿದಾಗಲೆಲ್ಲ ಕ್ರ್ಯಾಂಕು ಮುಂದಕ್ಕೆ ನೂಕಲ್ಪಟ್ಟು ಆ ಭಾರವೆಲ್ಲ ಹಿಂಬದಿಯ ಬಿಲ್ಲೆಯ ಮೇಲೆ ಬೀಳುತ್ತದೆ. ಬಿಲ್ಲೆಗಳು ಅತಿಯಾಗಿ ಸವೆದರೆ ಜಾರಿ ಕೆಳಗಿನ ಚೇಂಬರಿಗೆ ಬೀಳುತ್ತವೆ. ಆಗ ಉಕ್ಕಿನ ಕ್ರ್ಯಾಂಕು ಎಂಜಿನಿನ ಒಡಲನ್ನೇ ಕೊರೆಯತೊಡಗುತ್ತದೆ. ಅಂಥ ಒಡಲನ್ನು ಬಹುತೇಕ ಕಳೆದುಕೊಂಡಂತೆಯೇ.

ಇದನ್ನು ಪರೀಕ್ಷಿಸುವುದು ಬಲು ಸುಲಭ. ಎಂಜಿನು ನಿಂತಿರುವಾಗ ಒಬ್ಬರು ಕ್ಲಚ್ಚನ್ನು ಒತ್ತಿ ಬಿಡಬೇಕು. ಇನ್ನೊಬ್ಬರು ಮುಂದಿನ ಪುಲ್ಲಿಯನ್ನು ನೋಡಬೇಕು. ಸುಸ್ಥಿತಿಯಲ್ಲಿರುವ ಎಂಜಿನಿನ ಚಲನೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ನ್ಯಾಮತಿಯ ಕಾರಿನಲ್ಲಿ ಯಜಮಾನರು ಕ್ಲಚ್ಚು ಒತ್ತಿದಾಗ ಪುಲ್ಲಿ ಮುಂದಕ್ಕೆ ಸರಿದದ್ದು ದೂರದಲ್ಲಿ ನಿಂತಿದ್ದ ನಮಗೂ ಕಂಡಿತು. ಮೊಮ್ಮಗ ಅಂದೇ ಕಾರನ್ನು ಚಾಲೂ ಮಾಡುವುದನ್ನು ನಿಲ್ಲಿಸಿದ. ಆ ಎಂಜಿನು ಉಳಿದದ್ದು ಆ ಒಂದು ನಿರ್ಧಾರದಿಂದ.

ಮನೆಯ ಶೆಡ್ಡಿನಲ್ಲಿ ನಡೆದ ಕೆಲಸ

ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದು. ಎಂಜಿನನ್ನು ಇಳಿಸದೆ ಕೆಳಗಿನಿಂದಲೇ ಬೇರಿಂಗು ಬದಲಿಸುವುದೂ ಸಾಧ್ಯ. ಮೊದಲು ಬ್ಯಾಟರಿಯ ತಂತಿಯನ್ನು ಕಳಚಿದರು. ಕಾರನ್ನು ಎತ್ತಿ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಬರಿಯ ಜಾಕಿನ ಮೇಲಾಗಲಿ ಇಟ್ಟಿಗೆಗಳ ಮೇಲಾಗಲಿ ನಿಂತ ಕಾರಿನಡಿ ಯಾರೂ ನುಸುಳಬಾರದು. ಜಾಕು ಜಾರುತ್ತದೆ, ಇಟ್ಟಿಗೆ ಸಿಡಿಯುತ್ತದೆ, ಪ್ರಾಣ ಮರಳಿ ಬಾರದು.

ಎಣ್ಣೆ ಇಳಿಸಿ ಚೇಂಬರನ್ನು ಬಿಚ್ಚಿದಾಗ ಅದರ ತಳದಲ್ಲಿ ಹಿತ್ತಾಳೆಯ ಬಣ್ಣದ ನುಣ್ಣನೆಯ ಪುಡಿ ಹೊಳೆಯುತ್ತಿತ್ತು. ಬಿಲ್ಲೆಗಳು ಬಿದ್ದಿರಲಿಲ್ಲ, ಆದರೆ ಹಿಂಬದಿಯದರಲ್ಲಿ ಮೃದು ಲೋಹ ಪೂರ್ಣ ಸವೆದು ಉಕ್ಕು ಕಾಣುತ್ತಿತ್ತು. ಕ್ರ್ಯಾಂಕನ್ನು ಹಿಂದೆ ಮುಂದೆ ಮೀಟಿ ಫೀಲರ್ ಗೇಜಿನಿಂದ ಅಳೆದಾಗ ಸಂದು ಅರ್ಧ ಮಿಲಿಮೀಟರನ್ನೂ ಮೀರಿತ್ತು. ಇರಬೇಕಾದದ್ದು ಅದರ ಅರ್ಧಕ್ಕಿಂತಲೂ ಕಡಿಮೆ.

ಬಳಿಕ ಬಿಗ್ ಎಂಡುಗಳ ಸರದಿ. ಪ್ರತಿ ರಾಡಿಗೂ ಅದರ ಕ್ಯಾಪಿಗೂ ಜೋಡಿ ತಪ್ಪದಂತೆ ಗುರುತು ಹಾಕಿ ಒಂದೊಂದನ್ನೇ ಬಿಚ್ಚಿದರು. ಒಂದರ ಕ್ಯಾಪನ್ನು ಇನ್ನೊಂದಕ್ಕೆ ಹಾಕಿದರೆ, ಇಲ್ಲವೆ ತಿರುವುಮುರುವಾಗಿ ಕೂರಿಸಿದರೆ ವೃತ್ತ ಕೆಡುತ್ತದೆ. ಹಳೆಯ ಬೇರಿಂಗಿನ ಬೆನ್ನ ಮೇಲೆ ಅದರ ಅಳತೆ ಮುದ್ರಿತವಾಗಿರುತ್ತದೆ. ಕ್ರ್ಯಾಂಕನ್ನು ಹಿಂದೆ ಎಂದಾದರೂ ಗ್ರೈಂಡಿಂಗ್ ಮಾಡಿಸಿದ್ದರೆ ಇಂಚಿನ ಸಾವಿರದ 10 ಅಥವಾ 20 ಭಾಗ ಚಿಕ್ಕ ಅಳತೆಯ ಬೇರಿಂಗು ಇರುತ್ತದೆ. ಅದನ್ನು ನೋಡದೆ ಹೊಸದನ್ನು ತರಿಸುವುದು ಅವಿವೇಕ. ಇಲ್ಲಿ ಮೂಲ ಅಳತೆಯದೇ ಇತ್ತು. ಮೊಮ್ಮಗ ಕ್ರ್ಯಾಂಕಿನ ಮೈಯನ್ನು ಒರೆಸಿ, ಉಗುರು ಆಡಿಸಿ, ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆದು, "ಅಜ್ಜಾ, ಕ್ರ್ಯಾಂಕಿಗೆ ಏನೂ ಆಗಿಲ್ಲ" ಎಂದಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ.

ಬಿಡಿಭಾಗಗಳು ಬರಲು ಒಂದು ತಿಂಗಳು ಹಿಡಿಯಿತು. ಅಷ್ಟರವರೆಗೆ ಬಿಚ್ಚಿದ್ದೆಲ್ಲವೂ ಶುಚಿಯಾದ ಬಟ್ಟೆಯಲ್ಲಿ ಕ್ರಮವಾಗಿ ಕಟ್ಟಿಡಲ್ಪಟ್ಟಿತ್ತು. ಜೋಡಿಸುವ ದಿನ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದರು. ಹೊಸ ಬೇರಿಂಗಿನ ಬೆನ್ನನ್ನು ಒಣಗಿಸಿ ಒರೆಸಿ, ಅದರ ನಾಲಗೆಯನ್ನು ಕಚ್ಚಿನಲ್ಲಿ ಕೂರಿಸಿದರು. ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯನ್ನು ನಡುವೆ ಇಟ್ಟು ಬಿಗಿದು ಬಿಚ್ಚಿದರೆ, ಎಳೆ ಎಷ್ಟು ಅಗಲವಾಗಿ ಚಪ್ಪಟೆಯಾಗಿದೆಯೆಂಬುದರಿಂದ ಸಂದಿನ ಅಳತೆ ತಿಳಿಯುತ್ತದೆ. ಅಳತೆ ಸರಿಯಿತ್ತು. ಎಳೆಯನ್ನು ಒರೆಸಿ ತೆಗೆದು, ಶುದ್ಧ ಎಂಜಿನ್ ಆಯಿಲನ್ನು ಧಾರಾಳವಾಗಿ ಸವರಿ, ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚಿನಿಂದ ಹಂತಹಂತವಾಗಿ ಬಿಗಿದರು. ಪ್ರತಿ ಕ್ಯಾಪು ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿದರು. ಎಲ್ಲಾದರೂ ಹಿಡಿದರೆ ಮುಂದುವರಿಯಕೂಡದು.

ಮೇನ್ ಬೇರಿಂಗುಗಳನ್ನೂ ಹೀಗೆಯೇ ಒಂದಾದ ಮೇಲೊಂದರಂತೆ ಬದಲಿಸಿದರು. ಮೂರನ್ನೂ ಒಮ್ಮೆಗೆ ಸಡಿಲಿಸಲಿಲ್ಲ. ಥ್ರಸ್ಟ್ ವಾಷರುಗಳನ್ನು ಗೀರುಗಳಿರುವ ಮುಖ ಕ್ರ್ಯಾಂಕಿನ ಕಡೆಗೆ ಬರುವಂತೆ ಜಾರಿಸಿ ಕೂರಿಸಬೇಕು. ಮಗುಚಿ ಹಾಕಿದರೆ ಉಕ್ಕಿನ ಬೆನ್ನು ಕ್ರ್ಯಾಂಕನ್ನು ತಿನ್ನುತ್ತದೆ. ಸಂದು ಇನ್ನೂ ಹೆಚ್ಚಿದ್ದರೆ ತುಸು ದಪ್ಪನೆಯ ಬಿಲ್ಲೆಗಳೂ ದೊರೆಯುತ್ತವೆ. ಇಲ್ಲಿ ಒಂದು ಪಕ್ಕಕ್ಕೆ ಅದನ್ನೇ ಬಳಸಬೇಕಾಯಿತು. ಚೇಂಬರಿನ ಮುಂಭಾಗದ ಬೋಲ್ಟುಗಳು ಅಲ್ಯೂಮಿನಿಯಂ ತುಂಡೊಂದರಲ್ಲಿ ಕೂರುವುದರಿಂದ ಅತಿಯಾಗಿ ಬಿಗಿದರೆ ಮರೆ ಹರಿದುಹೋಗುತ್ತದೆ. ಅಲ್ಲಿ ಕೈ ಹಗುರವಾಗಿರಬೇಕು.

ಕೊನೆಗೆ ಹೊಸ ಎಣ್ಣೆ, ಹೊಸ ಫಿಲ್ಟರು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಎಣ್ಣೆಯ ದೀಪ ಆರುವವರೆಗೆ ಸ್ಟಾರ್ಟರಿನಿಂದ ಎಂಜಿನನ್ನು ಬರಿದೆ ತಿರುಗಿಸಿದರು. ಹೀಗೆ ಮಾಡದೆ ಒಮ್ಮೆಲೇ ಚಾಲೂ ಮಾಡಿದರೆ ಹೊಸ ಬೇರಿಂಗು ಮೊದಲ ನಿಮಿಷದಲ್ಲೇ ಒಣಗಿ ಉಜ್ಜುತ್ತದೆ. ಪ್ಲಗ್ಗು ಹಾಕಿ ಚಾಲೂ ಮಾಡಿದಾಗ ಆ ಹಳೆಯ ಬಡಿತ ಇರಲಿಲ್ಲ.

ಎಲ್ಲಿ ನಿಲ್ಲಬೇಕು?

ಎಲ್ಲವೂ ಮನೆಯಲ್ಲೇ ಆಗತಕ್ಕದ್ದೆಂದು ನಾವು ಹೇಳುವುದಿಲ್ಲ. ಕ್ರ್ಯಾಂಕಿನ ಮೈಯಲ್ಲಿ ಉಗುರಿಗೆ ಸಿಗುವಂಥ ಗೀರುಗಳಿದ್ದರೆ, ದುಂಡಗಿರಬೇಕಾದದ್ದು ಅಂಡಾಕಾರವಾಗಿದ್ದರೆ, ಹೊಸ ಬೇರಿಂಗು ಹಾಕಿ ಪ್ರಯೋಜನವಿಲ್ಲ. ಎಂಜಿನನ್ನು ಇಳಿಸಿ ಗ್ರೈಂಡಿಂಗ್‌ಗೆ ಕೊಡಬೇಕು. ಕ್ಯಾಪನ್ನು ಅರದಿಂದ ಉಜ್ಜಿ, ಬೇರಿಂಗಿನ ಹಿಂದೆ ಕಾಗದ ಇಟ್ಟು ಬಿಗಿ ಮಾಡುವವರೂ ಉಂಟು. ಅದು ಬಡಿತವನ್ನು ನಾಲ್ಕು ದಿನ ಮುಚ್ಚುತ್ತದೆ, ಕ್ರ್ಯಾಂಕನ್ನು ಶಾಶ್ವತವಾಗಿ ಕೆಡಿಸುತ್ತದೆ.

ಇಂಥ ಕಾರು ಎಲ್ಲರ ಮನೆಯಲ್ಲಿಲ್ಲ, ನಿಜ. ಆದರೆ ಟ್ರ್ಯಾಕ್ಟರು, ಲಾರಿ, ತೋಟದ ಡೀಸೆಲ್ ಪಂಪ್‌ಸೆಟ್ಟುಗಳಲ್ಲಿಯೂ ಸಾಮಾನ್ಯವಾಗಿ ಇದೇ ಬಗೆಯ ಬೇರಿಂಗುಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ, ಯೆಜ್ಡಿ ಮೋಟಾರ್‌ಸೈಕಲ್ಲುಗಳ ಕಥೆ ಬೇರೆ. ಅವು ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯಿಂದಲೇ ನಡೆಯುವ ಎಂಜಿನುಗಳು; ಕ್ರ್ಯಾಂಕಿಗೆ ಗುಂಡಿನ ಬೇರಿಂಗು. ಅಲ್ಲಿಯೂ ಎಣ್ಣೆಯ ಪ್ರಮಾಣ ತಪ್ಪಿದರೆ ಪರಿಣಾಮ ಒಂದೇ.

ಆದುದರಿಂದ ವಾಚಕ ಬಂಧುಗಳು ಕೆಲವು ಅಭ್ಯಾಸಗಳನ್ನು ರೂಢಿಸಿಕೊಳ್ಳಬೇಕು. ವಾರಕ್ಕೊಮ್ಮೆ ಡಿಪ್ ಸ್ಟಿಕ್ಕು ಎಳೆದು ಎಣ್ಣೆಯ ಮಟ್ಟ ನೋಡುವುದು. ಹೇಳಿದ ಅವಧಿಗೆ ಎಣ್ಣೆ, ಫಿಲ್ಟರು ಬದಲಿಸುವುದು. ರೈಲ್ವೆ ಗೇಟಿನಲ್ಲಿ ಕ್ಲಚ್ಚು ತುಳಿದು ಕೂರದೆ ಗೇರನ್ನು ನ್ಯೂಟ್ರಲ್ಲಿಗೆ ತರುವುದು. ಎಣ್ಣೆಯ ದೀಪ ಹತ್ತಿದರೆ "ಮನೆ ಹತ್ತಿರವೇ ಇದೆ" ಎನ್ನದೆ ಅಲ್ಲಿಯೇ ನಿಲ್ಲಿಸುವುದು. ಇಳಿಸಿದ ಹಳೆಯ ಎಣ್ಣೆಯನ್ನು ಕಾಲುವೆಗೋ ಅಡಿಕೆ ಗಿಡದ ಬುಡಕ್ಕೋ ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟು ಅದನ್ನು ಕೊಳ್ಳುವವರಿಗೆ ಒಪ್ಪಿಸುವುದೂ ಅಷ್ಟೇ ಮುಖ್ಯ.

ಬೇರಿಂಗಿನ ಬೆಲೆ ಅಲ್ಪ. ಅದು ಕಾಯುವ ಕ್ರ್ಯಾಂಕಿನ ಬೆಲೆ ದೊಡ್ಡದು. ಸವೆಯುವುದು ಬೇರಿಂಗಿನ ಧರ್ಮ. ಅದು ಸವೆದಿದೆಯೆಂದು ಸಕಾಲದಲ್ಲಿ ಕಂಡುಕೊಂಡು ಬದಲಿಸುವುದು ಯಜಮಾನನ ಧರ್ಮ.