ಉದರದ ವಪೆ

ಹೊಸಕೋಟೆ, ದೇವನಹಳ್ಳಿಗಳ ಮಾಂಸದಂಗಡಿಗಳಲ್ಲಿ ಭಾನುವಾರ ಬೆಳಗ್ಗೆ ಕುರಿಯ ಒಡಲನ್ನು ಸೀಳಿದೊಡನೆ, ಕರುಳಿಗಿಂತ ಮೊದಲು ಕಣ್ಣಿಗೆ ಬೀಳುವುದು ನೆಣದ ಎಳೆಗಳು ಬಲೆಯಂತೆ ಹೆಣೆದುಕೊಂಡಿರುವ, ಎತ್ತಿ ಹಿಡಿದರೆ ಬೆಳಕು ತೂರಿಬರುವಷ್ಟು ತೆಳುವಾದ ಬಿಳಿಯ ಪೊರೆ. ಬೋಟಿಯನ್ನು ಹೆಸರಿಟ್ಟು ಕೇಳಿ ಕೊಳ್ಳುವ ನಮ್ಮ ಜನರು ಇದನ್ನು ಬರಿಯ ಕೊಬ್ಬೆಂದು ಕರೆದು ಸುಮ್ಮನಾಗುವರು. ಮನುಷ್ಯನ ಉದರದಲ್ಲಿಯೂ ಜಠರದ ಕೆಳಯಂಚಿನಿಂದ ಇಳಿದು, ಸಣ್ಣಕರುಳಿನ ಸುರುಳಿಗಳನ್ನು ಮುಂಬದಿಯಿಂದ ಮುಚ್ಚಿ, ಮರಳಿ ಮೇಲಕ್ಕೆ ಮಡಿಚಿಕೊಂಡು ದೊಡ್ಡಕರುಳನ್ನು ಸೇರುವ ಈ ಪೊರೆಗೆ ‘ವಪೆ’ ಎಂಬ ಪುರಾತನ ನಾಮಧೇಯವುಂಟು; ಪಾಶ್ಚಾತ್ಯ ವೈದ್ಯರ ‘ಒಮೆಂಟಮ್’ ಇದೇ.

ಈ ಶಬ್ದ ನಮಗೆ ಬಂದುದು ಯಜ್ಞಶಾಲೆಯಿಂದ. ವೈದಿಕ ಪಶುಯಾಗದಲ್ಲಿ ಉಳಿದ ಅಂಗಗಳಿಗಿಂತ ಮುಂಚೆ ವಪೆಯನ್ನು ತೆಗೆದು, ಒಂದು ನೇರ ಮೊನೆಯದೂ ಇನ್ನೊಂದು ಕವಲು ಮೊನೆಯದೂ ಆದ ‘ವಪಾಶ್ರಪಣಿ’ ಎಂಬ ಎರಡು ಕಡ್ಡಿಗಳ ಮೇಲೆ ಹರಡಿ, ಅಗ್ನಿಯಲ್ಲಿ ಬೇಯಿಸಿ ಹೋಮಿಸುತ್ತಿದ್ದರು. ಯಾಜ್ಞಿಕರ ಈ ಪದವನ್ನು ಆಯುರ್ವೇದವೂ ಸ್ವೀಕರಿಸಿತು: ಚರಕಸಂಹಿತೆಯು 15 ಕೋಷ್ಠಾಂಗಗಳಲ್ಲಿ, ಎಂದರೆ ಒಡಲೊಳಗಿನ ಅಂಗಗಳಲ್ಲಿ, ‘ವಪಾವಹನ’ವನ್ನೂ ಎಣಿಸಿ, ವೃಕ್ಕಗಳೊಡನೆ (ಮೂತ್ರಪಿಂಡಗಳೊಡನೆ) ಅದನ್ನು ಮೇದಸ್ಸನ್ನು (ಕೊಬ್ಬನ್ನು) ವಹಿಸುವ ಸ್ರೋತಸ್ಸುಗಳ (ನಾಳಗಳ) ಮೂಲವೆಂದು ಸಾರಿತು. ಹೊಟ್ಟೆ ಬೆಳೆದವರಲ್ಲಿ ವಪೆಯೇ ಮೇದಸ್ಸಿನ ದೊಡ್ಡ ಸಂಚಯಸ್ಥಾನವಾಗುವುದನ್ನು ಇಂದಿನ ವೈದ್ಯರೂ ಬಲ್ಲರು.

ಆದರೆ ವಪೆಯು ಕೊಬ್ಬಿನ ಕೋಠಿ ಮಾತ್ರವಲ್ಲ. ಅದರಲ್ಲಿ ಹರಡಿರುವ ಹಾಲುಬಿಳುಪಿನ ಸೂಕ್ಷ್ಮ ಚುಕ್ಕೆಗಳಲ್ಲಿ ರೋಗಾಣುಗಳನ್ನು ನುಂಗುವ ಕಣಗಳು ನೆಲಸಿರುತ್ತವೆ. ಅಪೆಂಡಿಕ್ಸ್ ಊದಿಕೊಂಡಾಗ ವಪೆಯು ಅಲ್ಲಿಗೆ ಅಂಟಿ, ಅದನ್ನು ಸುತ್ತುವರಿದು, ಕೀವು ಉದರವೆಲ್ಲ ಹರಡದಂತೆ ತಡೆಯುತ್ತದೆ. ಇದನ್ನು ಕಂಡೇ ಇಂಗ್ಲೆಂಡಿನ ಶಸ್ತ್ರವೈದ್ಯ ರುದರ್ಫರ್ಡ್ ಮಾರಿಸನ್ ಇದನ್ನು ಉದರದ ಪೊಲೀಸನೆಂದು ಕರೆದನು. ಕೆನಡಾದ ರಾಸ್ಕೊ ಗ್ರಹಾಂ 1937ರಲ್ಲಿ ವಿವರಿಸಿದ ಕ್ರಮದಂತೆ, ಹುಣ್ಣಿನಿಂದ ತೂತಾದ ಕರುಳಿಗೆ ವಪೆಯ ತುಂಡೊಂದನ್ನೇ ತೇಪೆಯಾಗಿ ಕಟ್ಟಿ ರೋಗಿಯ ಪ್ರಾಣ ಉಳಿಸುವ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ಇಂತಹ ಚಿಕಿತ್ಸೆಗೆ ಒಳಗಾಗುವ ನೆಲಮಂಗಲದ ರೈತನಿಗೋ ದೊಡ್ಡಬಳ್ಳಾಪುರದ ನೇಕಾರನಿಗೋ ತನ್ನ ಒಡಲಲ್ಲಿ ನಡೆದುದು ಏನೆಂಬುದು ತನ್ನ ನುಡಿಯಲ್ಲಿಯೇ ತಿಳಿಯಬೇಕು. ಸಹಸ್ರಾರು ವರ್ಷ ಬಾಳಿಬಂದ ‘ವಪೆ’ ಎಂಬ ಪದವನ್ನು ನಮ್ಮ ವೈದ್ಯರೂ ಪಠ್ಯಪುಸ್ತಕಕಾರರೂ ನಿಸ್ಸಂಕೋಚವಾಗಿ ಬಳಕೆಗೆ ತರಲಿ.