ಹಕ್ಕಿ ಎಣಿಸುವವರಿಗೆ ನಮ್ಮ ಸನ್ಮಾನ



ಡಾ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿತು. ಆದರೆ ಘೋಷಣೆಯೊಂದರಿಂದಲೇ ಹಕ್ಕಿ ಉಳಿಯದು. ವರ್ಷವರ್ಷವೂ ಲೆಕ್ಕ ಇಡುವವರು ಬೇಕು. ನೀರುಹಕ್ಕಿಗಳ ಏಷ್ಯಾ ಗಣತಿ 1987ರಲ್ಲಿ ಆರಂಭವಾಯಿತು. ಜನವರಿಯ ಚಳಿಯಲ್ಲಿ ಬೈನಾಕ್ಯುಲರ್ ಹಿಡಿದು ಕೆರೆಯಂಚಿಗೆ ಹೋಗುವವರು ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್‌ನಂಥ ಸಂಘಗಳ ಸ್ವಯಂಸೇವಕರು. ಅವರಿಗೆ ಸಂಬಳವಿಲ್ಲ, ಭತ್ಯವಿಲ್ಲ. ಹಿಮಾಲಯ ದಾಟಿ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕಡಮೆಯಾದರೆ, ಅದು ತಿಳಿಯುವುದು ಇಂಥವರ ಲೆಕ್ಕದಿಂದಲೇ.

ಇವರಿಗೆ ಹಾರ, ಶಾಲು ಸಾಲದು. ನಮ್ಮ ತೋಟದಲ್ಲಿ ಹುಳು ಹೆಕ್ಕುವ ಹಕ್ಕಿಗೆ ನೆರಳುಮರವೇ ಮನೆ. ಸಿಲ್ವರ್ ಓಕ್ ಒಂದನ್ನೇ ನೆಡದೆ ಅತ್ತಿ, ಹಲಸು ಉಳಿಸೋಣ. ಬಂದು ಎಣಿಸಿರೆಂದು ಅವರನ್ನು ತೋಟಕ್ಕೆ ಕರೆಯೋಣ. ಅದೇ ನಿಜವಾದ ಸನ್ಮಾನ.

– ಕಾರ್ಯದರ್ಶಿ